ಆ ಓರೆಗೆರೆಯ ಪಟ್ಟಿ ಖಾಲಿ ಜಾಗವಲ್ಲ

ಮಾನ್ಯ ಸಂಪಾದಕರೇ,

ನೆಲಕ್ಕೆ ನೀಲಿ ಬಣ್ಣ ಬಳಿದು ಗಾಲಿಕುರ್ಚಿಯ ಚಿತ್ರ ಬರೆದುಬಿಟ್ಟರೆ ವಿಕಲಚೇತನರ ಪಾರ್ಕಿಂಗ್ ಸಿದ್ಧವಾಯಿತು ಎಂದು ಎಷ್ಟೋ ಕಟ್ಟಡಗಳ ಮಾಲೀಕರು ತಿಳಿದಿದ್ದಾರೆ. ಅದರ ಪಕ್ಕದಲ್ಲಿ ಓರೆಗೆರೆ ಎಳೆದ ಪಟ್ಟಿಯೇನಾದರೂ ಇದ್ದರೆ, ಅದು ಬೈಕ್ ನಿಲ್ಲಿಸಲು ಸಿಕ್ಕ ಸಂದು ಎಂದು ಸವಾರರು ತಿಳಿದಿದ್ದಾರೆ. ಎರಡೂ ತಪ್ಪು ತಿಳಿವಳಿಕೆ. ಕಟ್ಟಡಗಳಿಗೆ ಎಲ್ಲರೂ ಬಂದುಹೋಗುವಂತಿದೆಯೇ ಎಂದು ಅಳೆದು ನೋಡುವ ಕೆಲಸದಲ್ಲಿರುವವರು ನಾವು. ಈ ಪತ್ರ ಸ್ವಲ್ಪ ಉದ್ದವಾಗಿದೆ, ಓದುಗರು ಮನ್ನಿಸಬೇಕು. ಅಳತೆಯ ವಿಷಯವನ್ನು ಅರ್ಧಂಬರ್ಧ ಹೇಳಿದರೆ ಯಾರಿಗೂ ಉಪಯೋಗವಾಗುವುದಿಲ್ಲ.

ವಿಕಲಚೇತನರ ಪಾರ್ಕಿಂಗ್ ಎಂದರೆ ಬಾಗಿಲಿಗೆ ಹತ್ತಿರವಿರುವ ಜಾಗ ಎಂಬ ಭಾವನೆ ಬಲವಾಗಿದೆ. ಹತ್ತಿರವಿರಬೇಕು, ನಿಜ. ಆದರೆ ಅದಕ್ಕಿಂತ ಮುಖ್ಯವಾದದ್ದು ಅಗಲ. ಮಾಮೂಲಿ ಕಾರು ನಿಲ್ಲಿಸುವ ಜಾಗ ಎರಡೂವರೆ ಮೀಟರ್ ಅಗಲವಿದೆ ಎಂದಿಟ್ಟುಕೊಳ್ಳಿ. ಕಾರೇ 1.7ರಿಂದ 1.8 ಮೀಟರ್ ತಿನ್ನುತ್ತದೆ. ಮಿಕ್ಕಿದ್ದನ್ನು ಎರಡೂ ಬದಿಗೆ ಹಂಚಿದರೆ ಒಂದೊಂದು ಕಡೆ ಒಂದಡಿಗಿಂತ ತುಸು ಹೆಚ್ಚು. ಪಕ್ಕದ ಕಾರಿನವರು ಬಿಟ್ಟ ಜಾಗವೂ ಸೇರಿದರೆ ಎರಡಡಿ ಆದೀತು. ನಡೆಯಬಲ್ಲವರು ಬಾಗಿಲನ್ನು ಅರ್ಧ ತೆರೆದು ಮೈ ಓರೆ ಮಾಡಿ ಹೊರಬರುತ್ತಾರೆ. ಗಾಲಿಕುರ್ಚಿ ಬಳಸುವವರಿಗೆ ಬಾಗಿಲು ಪೂರ್ತಿ ತೆರೆಯಲೇಬೇಕು. ಪೂರ್ತಿ ತೆರೆದ ಬಾಗಿಲು ಮೂರಡಿಯಷ್ಟು ಹೊರಚಾಚುತ್ತದೆ. ಕುರ್ಚಿಯೇ 60ರಿಂದ 70 ಸೆಂಟಿಮೀಟರ್ ಅಗಲ. ಅದು ಸೀಟಿನ ಪಕ್ಕಕ್ಕೆ, ಬಾಗಿಲು ಮತ್ತು ಸೀಟಿನ ನಡುವಿನ ಕೋನಕ್ಕೆ ಬಂದು ನಿಲ್ಲಬೇಕು.

ತಾವೇ ಕಾರು ಓಡಿಸಿಕೊಂಡು ಒಬ್ಬರೇ ಬರುವವರು ಇಳಿಯುವ ಕ್ರಮ ಗೊತ್ತಾದರೆ ಆ ಪಟ್ಟಿ ಯಾಕಿದೆ ಎಂಬುದು ತಾನಾಗಿ ತಿಳಿಯುತ್ತದೆ. ಸೀಟನ್ನು ಹಿಂದಕ್ಕೆ ಸರಿಸಿ, ಪಕ್ಕದ ಸೀಟಿನಲ್ಲೋ ಹಿಂದಿನ ಸೀಟಿನಲ್ಲೋ ಬಿಚ್ಚಿಟ್ಟ ಕುರ್ಚಿಯ ಚೌಕಟ್ಟನ್ನು ತಮ್ಮ ಎದೆಯ ಮುಂದಿನಿಂದ ದಾಟಿಸಿ ಹೊರಗಿಡುತ್ತಾರೆ. ಆಮೇಲೆ ಒಂದೊಂದೇ ಗಾಲಿ ತೆಗೆದು ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಸೀಟಿನ ದಿಂಬು ಹಾಕಿ, ಕುರ್ಚಿಯನ್ನು ಹತ್ತಿರಕ್ಕೆಳೆದು, ಎರಡೂ ಬ್ರೇಕ್ ಹಾಕುತ್ತಾರೆ. ಕಾಲುಗಳನ್ನು ಕೈಯಿಂದ ಎತ್ತಿ ಹೊರಗಿಟ್ಟು, ಒಂದು ಕೈ ಕಾರಿನ ಸೀಟಿಗೆ, ಇನ್ನೊಂದು ಕುರ್ಚಿಗೆ ಊರಿ ಮೈಯನ್ನು ದಾಟಿಸುತ್ತಾರೆ. ತೋಳಿನ ಬಲ ಸಾಲದವರು ನಡುವೆ ಒಂದು ನುಣುಪಾದ ಹಲಗೆ ಇಟ್ಟುಕೊಂಡು ಅದರ ಮೇಲೆ ಜಾರುತ್ತಾರೆ. ಇಷ್ಟೂ ನಡೆಯುವುದು ಆ ಓರೆಗೆರೆಯ ಪಟ್ಟಿಯ ಮೇಲೆ. ನೆಲ ಓರೆಯಾಗಿದ್ದರೆ ಬ್ರೇಕ್ ಹಾಕಿದ ಕುರ್ಚಿಯೂ ಜರುಗುತ್ತದೆ, ದಾಟುತ್ತಿದ್ದವರು ಎರಡರ ನಡುವೆ ನೆಲಕ್ಕೆ ಬೀಳುತ್ತಾರೆ.

ಬರುವಾಗ ಪಟ್ಟಿ ಖಾಲಿ ಇತ್ತು, ಇಳಿದರು, ಒಳಗೆ ಹೋದರು. ಹಿಂತಿರುಗುವಷ್ಟರಲ್ಲಿ ಪಟ್ಟಿಯ ಮೇಲೆ ಒಂದು ಬೈಕ್. ತೊಂದರೆ ಹೆಚ್ಚಾಗಿ ಆಗುವುದು ಹೀಗೆಯೇ. ಕಾರು ಅಲ್ಲೇ ಇದೆ, ಬೀಗದ ಕೈ ಕೈಯಲ್ಲಿದೆ, ಹತ್ತಲು ಆಗುವುದಿಲ್ಲ. ಬೈಕಿನ ಒಡೆಯ ಬರುವ ತನಕ ಕಾಯಬೇಕು, ಇಲ್ಲವೇ ಯಾರೋ ಅಪರಿಚಿತರ ಕೈಗೆ ಬೀಗದ ಕೈ ಕೊಟ್ಟು ಕಾರನ್ನು ಹೊರಗೆ ತೆಗೆಸಬೇಕು. ಕಾಲಿನ ಬದಲು ಕೈಯಲ್ಲಿ ಬ್ರೇಕ್, ಆಕ್ಸಿಲರೇಟರ್ ಒತ್ತುವಂತೆ ಮಾರ್ಪಡಿಸಿದ ಕಾರನ್ನು ಅಪರಿಚಿತರು ಓಡಿಸುವುದು ಅಪಾಯ ಬೇರೆ. ಎರಡೇ ನಿಮಿಷ ಎಂದು ಇಂಡಿಕೇಟರ್ ಮಿನುಗಿಸಿ ನಿಲ್ಲಿಸುವವರು ಇದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ಕುರ್ಚಿಯವರು ಯಾವ ನಿಮಿಷದಲ್ಲಿ ಬರುತ್ತಾರೆ ಎಂಬುದು ನಿಲ್ಲಿಸಿದವರಿಗೆ ಗೊತ್ತಿರುವುದಿಲ್ಲ.

ಕುರ್ಚಿಯ ಮೇಲೆ ಕುಳಿತಂತೆಯೇ ವಾಹನದಿಂದ ಇಳಿಯುವವರೂ ಇದ್ದಾರೆ. ಅವರ ವ್ಯಾನಿನ ಪಕ್ಕದಿಂದಲೋ ಹಿಂದಿನಿಂದಲೋ ಇಳಿಹಲಗೆ ಚಾಚಿಕೊಳ್ಳುತ್ತದೆ. ಹಲಗೆಗೇ ಸುಮಾರು ಒಂದೂಕಾಲು ಮೀಟರ್ ಬೇಕು. ಅದರಿಂದ ಇಳಿದ ಮೇಲೆ ಕುರ್ಚಿ ತಿರುಗಿಸಲು ಮತ್ತೆ ಒಂದೂವರೆ ಮೀಟರ್ ವ್ಯಾಸದ ಸಮತಟ್ಟು ಜಾಗ ಬೇಕು. ವಾಹನದ ಮೇಲೆ ಇಂಥ ಹಲಗೆಯಿದೆ ಎಂಬ ಫಲಕ ಕಂಡರೆ, ಮಾಮೂಲಿ ಪಾರ್ಕಿಂಗ್‌ನಲ್ಲಿದ್ದರೂ ಆ ಬದಿಗೆ ಅಂಟಿಕೊಂಡು ನಿಲ್ಲಿಸಬೇಡಿ. ಹಿಂದಿನಿಂದ ಇಳಿಯುವ ವಾಹನವಾದರೆ ಅದರ ಬೆನ್ನಿಗೆ ಎರಡೂಮುಕ್ಕಾಲು ಮೀಟರಾದರೂ ಬಿಡಿ.

ಈ ಲೆಕ್ಕವೆಲ್ಲ ನಿಯಮಗಳಲ್ಲಿ ಬಂದಿದೆ. ನಮ್ಮ ದೇಶದ ಕಟ್ಟಡ ನಿಯಮಗಳಲ್ಲಿ ಬಹುಕಾಲದಿಂದ ಇರುವ ಅಳತೆ, ಅಗಲ ಕನಿಷ್ಠ 3.6 ಮೀಟರ್, ಪ್ರವೇಶದ್ವಾರದಿಂದ ದೂರ 30 ಮೀಟರ್ ಮೀರಬಾರದು. 3.6 ಎಂದರೆ ಕಾರಿಗೆ 2.4, ಇಳಿಯುವ ಪಟ್ಟಿಗೆ 1.2. ಬ್ರಿಟನ್ನಿನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ, ಹಿಂಬದಿಗೂ 1.2 ಮೀಟರ್ ಪಟ್ಟಿ ಎಳೆಯುತ್ತಾರೆ. ಅಮೆರಿಕದ 2010ರ ಮಾನದಂಡ ಇನ್ನೂ ಉದಾರ: ಪಟ್ಟಿಯೇ ಕನಿಷ್ಠ 1.525 ಮೀಟರ್, ವ್ಯಾನ್ ನಿಲ್ಲುವ ಜಾಗವಾದರೆ 3.35 ಮೀಟರ್ ಅಗಲದ ಜೊತೆಗೆ ಆ ಪಟ್ಟಿ, ಮೇಲೆ ಚಾವಣಿಗೆ 2.49 ಮೀಟರ್ ಎತ್ತರ. ವಿಕಲಚೇತನರ ಪ್ರತಿ 6 ಜಾಗಗಳಲ್ಲಿ ಒಂದಾದರೂ ವ್ಯಾನಿಗೆ ಸಾಲುವಂತಿರಬೇಕು. ಎತ್ತರದ ಮಾತು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಬೇಸ್‌ಮೆಂಟಿನ ಬಾಯಲ್ಲಿ ಎರಡು ಮೀಟರಿಗೆ ಅಡ್ಡಕಂಬಿ ತೂಗುಹಾಕಿ, ಒಳಗೆ ಚೆನ್ನಾಗಿ ಬಣ್ಣ ಬಳಿದ ಜಾಗವಿಟ್ಟರೆ ಚಾವಣಿ ಎತ್ತರಿಸಿದ ವ್ಯಾನು ಆ ಜಾಗದವರೆಗೆ ಹೋಗುವುದೇ ಇಲ್ಲ.

ಇಳಿಜಾರಿನ ಮಿತಿ ಎಲ್ಲ ದಿಕ್ಕಿಗೂ 50ಕ್ಕೆ 1ರ ಆಸುಪಾಸು. ಅಂದರೆ ಮಳೆನೀರು ಹರಿದುಹೋಗಲು ಎಷ್ಟು ಬೇಕೋ ಅಷ್ಟೇ. ಬೇಸ್‌ಮೆಂಟಿಗೆ ಇಳಿಯುವ ದಾರಿಯ ಪಕ್ಕದಲ್ಲಿ ಬೇರೆ ಯಾವುದಕ್ಕೂ ಬಾರದ ಮೂಲೆಯನ್ನು ಇದಕ್ಕೆ ಮೀಸಲಿಟ್ಟವರಿಗೆ ಈ ಮಿತಿ ತಿಳಿದಿಲ್ಲ, ಅಥವಾ ಬೇಕಾಗಿಲ್ಲ. ನೆಲಕ್ಕೆ ಹಾಸಿದ ಕಲ್ಲುಗಳ ನಡುವೆ ಹುಲ್ಲು ಬೆಳೆಯಲೆಂದು ಬಿಟ್ಟ ಸಂದು, ಚರಂಡಿಯ ಜಾಲರಿ, ಜಲ್ಲಿ, ಇವು ಕುರ್ಚಿಯ ಮುಂದಿನ ಪುಟ್ಟ ಗಾಲಿಯನ್ನು ಹಿಡಿದುಬಿಡುತ್ತವೆ. ಪಟ್ಟಿಯಿಂದ ಕಾಲುದಾರಿಗೆ ಹತ್ತಲು ಆರಂಗುಲದ ಕಟ್ಟೆಯಿದ್ದು, ಅದಕ್ಕೊಂದು ಇಳುಕಲು ಇಲ್ಲದಿದ್ದರೆ ಮಿಕ್ಕ ಅಳತೆ ಎಷ್ಟು ಸರಿಯಿದ್ದೂ ವ್ಯರ್ಥ. ಆ ಇಳುಕಲನ್ನು ಪಟ್ಟಿಯೊಳಗೇ ಚಾಚಿಕೊಳ್ಳುವಂತೆ ಕಟ್ಟುವುದೂ ತಪ್ಪು, ಆಗ ಕುರ್ಚಿ ನಿಲ್ಲಬೇಕಾದ ಜಾಗವೇ ಓರೆಯಾಗುತ್ತದೆ. ದಾರಿ ಕಾರುಗಳ ಬೆನ್ನ ಹಿಂದಿನಿಂದ ಹೋಗುವಂತಿರಬಾರದು. ಕುರ್ಚಿಯಲ್ಲಿ ಕುಳಿತವರ ತಲೆ ಹಿಂದಕ್ಕೆ ಬರುವ ಕಾರಿನ ಚಾಲಕರಿಗೆ ಕಾಣಿಸುವುದಿಲ್ಲ.

ಫಲಕದ ವಿಷಯ ಚಿಕ್ಕದು, ಆದರೆ ತಪ್ಪುವುದು ಹೆಚ್ಚು. ನೆಲದ ಮೇಲಿನ ಚಿತ್ರ ಕಾರು ನಿಂತ ಮೇಲೆ ಮುಚ್ಚಿಹೋಗುತ್ತದೆ, ಎರಡು ಮಳೆಗಾಲಕ್ಕೆ ಅಳಿಸಿಯೂ ಹೋಗುತ್ತದೆ. ಅದರ ಜೊತೆಗೆ ಕಂಬದ ಮೇಲೊಂದು ಫಲಕ ಬೇಕು, ಕೆಳಅಂಚು ನೆಲದಿಂದ ಐದಡಿ ಮೇಲಿರುವಂತೆ. 1968ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ನೆ ಕೋಫೂಡ್ ರೂಪಿಸಿದ ಗಾಲಿಕುರ್ಚಿಯ ಚಿಹ್ನೆಗೆ ತಲೆ ಇರಲಿಲ್ಲ, ಆಮೇಲೆ ಅದನ್ನು ಆರಿಸಿದ ಸಮಿತಿಯ ಮುಖ್ಯಸ್ಥ ಕಾರ್ಲ್ ಮೊಂಟಾನ್ ಒಂದು ವೃತ್ತ ಸೇರಿಸಿದರು. ಅಂದಿನಿಂದ ಯಾವ ಭಾಷೆಯವರಿಗೂ ಅರ್ಥವಾಗುವ ಗುರುತು ಅದು. ಅದರ ಬದಲು ಬರೀ ‘ಕಾಯ್ದಿರಿಸಲಾಗಿದೆ’ ಎಂದು ಬರೆದರೆ ಯಾರಿಗೆ ಎಂಬುದನ್ನು ಪ್ರತಿಯೊಬ್ಬರೂ ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ.

ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಬೇರೆಯವರು ನಿಲ್ಲಿಸದಿರಲಿ ಎಂದು ಜಾಗಕ್ಕೆ ಸರಪಳಿ ಕಟ್ಟುತ್ತಾರೆ, ನಡುವೆ ಕೋನ್ ಇಡುತ್ತಾರೆ. ಆ ಕೋನ್ ಎತ್ತಿಡಲು ಕಾರಿನಿಂದ ಇಳಿಯಬೇಕು, ಇಳಿಯಲು ಆ ಜಾಗವೇ ಬೇಕು! ಕೋನ್ ಇಡಲೇಬೇಕೆಂದರೆ ಸೆಕ್ಯುರಿಟಿಯವರು ಸದಾ ಕಣ್ಣಳತೆಯಲ್ಲಿರಬೇಕು. ಕಾರಿನಲ್ಲಿ ಕುಳಿತಂತೆಯೇ ಕರೆಯಲು ಒಂದು ದೂರವಾಣಿ ಸಂಖ್ಯೆಯನ್ನು ಫಲಕದ ಮೇಲೆ ಬರೆದಿರಬೇಕು. ಕಾರನ್ನು ನಮ್ಮ ಹುಡುಗರಿಗೆ ಕೊಡಿ, ಅವರು ನಿಲ್ಲಿಸುತ್ತಾರೆ ಎಂಬ ವ್ಯವಸ್ಥೆಯೂ ಇದಕ್ಕೆ ಬದಲಿಯಲ್ಲ. ಕೈನಿಯಂತ್ರಣದ ಕಾರಿನ ಕಾರಣ ಆಗಲೇ ಹೇಳಿದೆವು.

ಸ್ಕೂಟರುಗಳನ್ನು ನಿಯಮ ಬರೆಯುವವರು ಮರೆತೇಬಿಡುತ್ತಾರೆ. ಎರಡೂ ಬದಿಗೆ ಹೆಚ್ಚುವರಿ ಗಾಲಿ ಹಾಕಿಸಿಕೊಂಡ ಸ್ಕೂಟರಿಗೆ ಮಾಮೂಲಿ ಸ್ಕೂಟರಿನ ಎರಡರಷ್ಟು ಅಗಲ ಬೇಕು. ಬಹುತೇಕ ಇಂಥ ಸ್ಕೂಟರುಗಳಿಗೆ ರಿವರ್ಸ್ ಇರುವುದಿಲ್ಲ. ಓಡಿಸುವವರಿಗೆ ಇಳಿದು ಹಿಂದಕ್ಕೆ ತಳ್ಳುವ ಶಕ್ತಿಯೂ ಇರುವುದಿಲ್ಲ. ಹಾಗಾಗಿ ಗೋಡೆಗೆ ಮುಖ ಮಾಡಿ ನಿಲ್ಲಿಸುವ ಜಾಗ ಅವರಿಗೆ ಕೆಲಸಕ್ಕೆ ಬಾರದು. ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ನೇರ ಹೊರಹೋಗುವಂತಿರಬೇಕು, ಪಕ್ಕದಲ್ಲಿ ಊರುಗೋಲು ಊರಿ ನಿಲ್ಲಲು ಮೂರಡಿ ಬೇಕು, ಮೇಲೊಂದು ಸೂರಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಎರಡೂ ಕೈ ಊರುಗೋಲಿಗೆ ಹೋದರೆ ಕೊಡೆ ಹಿಡಿಯಲು ಕೈ ಉಳಿಯುವುದಿಲ್ಲ. ಕಾರಿನ ಜಾಗ ಒಂದನ್ನು ಬಿಟ್ಟು ಅದರಲ್ಲಿ ಇಂಥ ಎರಡು ಸ್ಕೂಟರ್ ನಿಲ್ಲಿಸುವ ಏರ್ಪಾಡು ಯಾವ ಕಟ್ಟಡದಲ್ಲೂ ಸಾಧ್ಯ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ‘ಮಾರ್ಪಡಿಸಿದ ವಾಹನ’ ಎಂಬುದಕ್ಕೆ ಹೆಸರಿನ ಮಾನ್ಯತೆ ಸಿಕ್ಕಿದೆ, ನೆಲದ ಮೇಲೆ ಜಾಗ ಸಿಗುವುದು ಬಾಕಿಯಿದೆ.

ಯಾರು ಈ ಜಾಗ ಬಳಸಬಹುದು? ಗಾಲಿಕುರ್ಚಿಯವರಿಗೆ ಮಾತ್ರ ಎಂದು ಚಿಹ್ನೆ ನೋಡಿ ಅಂದುಕೊಳ್ಳುವುದು ಸಹಜ. ಆದರೆ ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಅವುಗಳಲ್ಲಿ ಎಷ್ಟೋ ಹೊರನೋಟಕ್ಕೆ ಕಾಣುವುದಿಲ್ಲ. ಪ್ಯಾಂಟಿನ ಒಳಗೆ ಕೃತಕ ಕಾಲಿರಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರು ಬೆಳಿಗ್ಗೆ ನಡೆದು ಸಂಜೆ ಕುರ್ಚಿ ಹಿಡಿಯಬಹುದು. ಆಟಿಸಂ ಇರುವ ಮಗು ಕೈ ಬಿಡಿಸಿಕೊಂಡು ವಾಹನಗಳ ನಡುವೆ ಓಡಿಬಿಡಬಹುದು. ಇಂಗ್ಲೆಂಡಿನಲ್ಲಿ 2019ರ ಆಗಸ್ಟ್ 30ರಿಂದ ಕಣ್ಣಿಗೆ ಕಾಣದ ವೈಕಲ್ಯದವರಿಗೂ ‘ಬ್ಲೂ ಬ್ಯಾಡ್ಜ್’ (ವಿಕಲಚೇತನರ ಜಾಗದಲ್ಲಿ ವಾಹನ ನಿಲ್ಲಿಸಲು ಕೊಡುವ ಪರವಾನಗಿ) ಪಡೆಯುವ ದಾರಿ ತೆರೆದದ್ದು ಈ ಕಾರಣಕ್ಕೆ. ಆ ಬ್ಯಾಡ್ಜಿನ ಒಂದು ನಿಯಮ ಎಲ್ಲೆಡೆಗೂ ಸಲ್ಲುತ್ತದೆ: ಅದು ಕೊಟ್ಟಿರುವುದು ವ್ಯಕ್ತಿಗೆ, ವಾಹನಕ್ಕಲ್ಲ. ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಅಜ್ಜಿಯ ಬ್ಯಾಡ್ಜನ್ನು ಗಾಜಿನ ಮುಂದಿಟ್ಟು ಬಂದ ಮೊಮ್ಮಗನಿಗೆ ಅಲ್ಲಿ 1,000 ಪೌಂಡ್ ತನಕ ದಂಡ ಬೀಳಬಹುದು. ಅಜ್ಜಿಯನ್ನು ಕರೆದೊಯ್ಯಲು ಬಂದಿದ್ದರೆ ಅದು ಸರಿಯಾದ ಬಳಕೆ. ಅಜ್ಜಿ ಕಾರಿನಲ್ಲೇ ಕುಳಿತಿದ್ದು ಮೊಮ್ಮಗ ಮಾತ್ರ ಇಳಿದು ಹೋಗಿ ಬರುವುದಾದರೆ ಮಾಮೂಲಿ ಜಾಗದಲ್ಲಿ ನಿಲ್ಲಿಸುವುದೇ ಮರ್ಯಾದೆ.

ನಮ್ಮಲ್ಲಿ ವಿಕಲಚೇತನರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡ್ ಇದೆ, ಆದರೆ ಅದು ಗುರುತಿನ ಚೀಟಿ. ಹೆಸರು, ವಿವರ ಎಲ್ಲ ಇರುವ ಅದನ್ನು ಗಾಜಿನ ಮುಂದೆ ಇಟ್ಟುಹೋಗುವುದು ಸುರಕ್ಷಿತವಲ್ಲ. ಕೇಳಿದಾಗ ತೋರಿಸಿದರೆ ಸಾಕು. ಕೇಳುವ ಅಧಿಕಾರ ಜಾಗ ನೋಡಿಕೊಳ್ಳುವವರಿಗೆ ಇರಲಿ, ದಾರಿಹೋಕರಿಗೆ ಬೇಡ. ‘ನೀವು ಚೆನ್ನಾಗಿಯೇ ನಡೆಯುತ್ತಿದ್ದೀರಲ್ಲ’ ಎಂದು ಅಪರಿಚಿತರನ್ನು ತಡೆದು ಕೇಳುವುದು, ಮುಖದ ಫೋಟೊ ತೆಗೆದು ಜಾಲತಾಣಕ್ಕೆ ಹಾಕುವುದು ನ್ಯಾಯ ಕಾಯುವ ಬಗೆಯಲ್ಲ. ಹೃದ್ರೋಗಿಯೊಬ್ಬರು ತಮ್ಮ ಎದೆಯ ಗಾಯ ತೋರಿಸಿ ಪಾರ್ಕಿಂಗ್ ಪಡೆಯಬೇಕಾದ ಸ್ಥಿತಿ ಬರಬಾರದು. ಅನುಮಾನವಿದ್ದರೆ ವಾಹನದ ಸಂಖ್ಯೆಯನ್ನು ಕಚೇರಿಗೆ ತಿಳಿಸಿ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಇನ್ನು ಪುಟ್ಟ ಮಕ್ಕಳೊಂದಿಗೆ ಬರುವವರ ಪಾರ್ಕಿಂಗ್. ದೊಡ್ಡ ಮಳಿಗೆಗಳಲ್ಲಿ ಇದು ಕಾಣತೊಡಗಿದ ಮೇಲೆ ಎರಡನ್ನೂ ಕಲಸಿ ಮಾತಾಡುವುದು ಹೆಚ್ಚಾಗಿದೆ. ವಿಕಲಚೇತನರ ಜಾಗದ ಬೆನ್ನಿಗೆ ಕಾನೂನಿದೆ. ಮಕ್ಕಳ ಜಾಗಕ್ಕೆ, ಅದು ಮನೆಮಾತಾಗಿರುವ ಬ್ರಿಟನ್ನಿನಲ್ಲೂ, ಶಾಸನದ ಬಲವಿಲ್ಲ. ಜಾಗದ ಒಡೆಯರು ಫಲಕದಲ್ಲಿ ಬರೆದ ಷರತ್ತೇ ಅದರ ನಿಯಮ, ವಯಸ್ಸಿನ ಮಿತಿಯೂ ಅವರು ಇಟ್ಟದ್ದೇ. ಹಾಗೆಂದು ಅದು ಬರೀ ಅಲಂಕಾರ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಹಿಮ್ಮುಖದ ಸೀಟಿನಲ್ಲಿ ಪಟ್ಟಿ ಬಿಗಿದು ಕೂರಿಸಿದ ಕೂಸನ್ನು ಎತ್ತಬೇಕಾದರೆ ದೊಡ್ಡವರು ಸೊಂಟದವರೆಗೆ ಕಾರಿನೊಳಗೆ ಬಾಗಬೇಕು, ಒಂದು ಕೈ ಕೂಸಿನ ಕತ್ತಿನಡಿ ಇರಬೇಕು. ಸೀಟನ್ನೇ ಬುಟ್ಟಿಯಂತೆ ಎತ್ತುವುದಾದರೆ ಒಂದೂವರೆ ಅಡಿ ಅಗಲದ ಬುಟ್ಟಿ ಬಾಗಿಲ ಸಂದಿನಿಂದ ಹೊರಬರಬೇಕು. ಇಲ್ಲೂ ಬೇಕಿರುವುದು ಅಗಲ, ಜೊತೆಗೆ ವಾಹನಗಳ ದಾರಿ ದಾಟದೆ ಒಳಗೆ ಹೋಗುವ ಕಾಲುದಾರಿ. ಬಾಗಿಲಿಗೆ ಹತ್ತಿರವೇ ಇರಬೇಕೆಂದಿಲ್ಲ. ಜಾಗ ಹಂಚುವವರು ಬಾಗಿಲ ಬಳಿಯದನ್ನು ಮೊದಲು ವಿಕಲಚೇತನರಿಗೆ ಕೊಟ್ಟು, ಮಕ್ಕಳ ಜಾಗವನ್ನು ಕಾಲುದಾರಿಯ ಅಂಚಿಗೆ ಅದರಾಚೆ ಇಡಬೇಕೆಂಬುದು ನಮ್ಮ ಅಭಿಪ್ರಾಯ.

ನಡತೆಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಮಗು ಕಾರಿನಲ್ಲಿರಬೇಕು, ಖಾಲಿ ಮಕ್ಕಳ ಸೀಟು ಲೆಕ್ಕಕ್ಕಿಲ್ಲ. ತಾನೇ ಬಾಗಿಲು ತೆರೆದು ಇಳಿಯಬಲ್ಲ ಹತ್ತು ವರ್ಷದ ಹುಡುಗನಿಗಾಗಿ ಫಲಕ ಅವಕಾಶ ಕೊಟ್ಟರೂ ಬೇರೆಡೆ ನಿಲ್ಲಿಸಿ, ಕೂಸಿನವರಿಗೆ ಬಿಡುವುದು ಲೇಸು. ಮಕ್ಕಳ ಜಾಗ ತುಂಬಿದ್ದರೆ ವಿಕಲಚೇತನರ ಜಾಗ ಅದಕ್ಕೆ ಬದಲಿಯಾಗುವುದಿಲ್ಲ, ಎಷ್ಟೇ ಹೊತ್ತು ಖಾಲಿಯಿದ್ದರೂ. ಆಗ ದೂರದಲ್ಲಿ, ಸಾಲಿನ ಕೊನೆಯ ಜಾಗ ನೋಡಿ, ಮಗುವಿನ ಬದಿ ಕಾಲುದಾರಿಗೆ ಬರುವಂತೆ ನಿಲ್ಲಿಸಿ. ಇಬ್ಬರು ದೊಡ್ಡವರಿದ್ದರೆ ನಿಲ್ಲಿಸುವ ಮುನ್ನವೇ ಒಬ್ಬರು ಮಗುವಿನೊಂದಿಗೆ ಕಟ್ಟೆಯ ಬದಿಗೆ ಇಳಿಯಬಹುದು. ಒಬ್ಬರೇ ಆದರೆ ಮೊದಲು ಡಿಕ್ಕಿಯಿಂದ ತಳ್ಳುಗಾಡಿ ತೆಗೆದು ಬಿಚ್ಚಿ, ಬ್ರೇಕ್ ಹಾಕಿ, ಆಮೇಲೆ ಮಗುವನ್ನು ಎತ್ತಬೇಕು. ಹೊರಡುವಾಗ ಇದರ ತಿರುಗುಮುರುಗು, ಮಗುವಿಗೆ ಪಟ್ಟಿ ಬಿಗಿದ ಮೇಲೆ ಸಾಮಾನು. ಸಾಮಾನಿನ ಟ್ರಾಲಿಯನ್ನು ಪಕ್ಕದ ಓರೆಗೆರೆಯ ಪಟ್ಟಿಗೆ ತಳ್ಳಿ ಹೋಗಬೇಡಿ. ಇಳಿಜಾಗ ಮುಚ್ಚುವುದರಲ್ಲಿ ಬೈಕಿನ ನಂತರದ ಸ್ಥಾನ ಟ್ರಾಲಿಯದು.

ಕೊನೆಗೆ ಕಾನೂನು. 2016ರ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 44ನೇ ಸೆಕ್ಷನ್ ಪ್ರಕಾರ, ನಿಗದಿತ ಪ್ರವೇಶ ಮಾನದಂಡ ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಪಾಲಿಸದ ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರ ಕೊಡುವಂತಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿಪಡಿಸಬೇಕೆಂದು 45ನೇ ಸೆಕ್ಷನ್ ಹೇಳಿತ್ತು. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಪ್ರವೇಶಸೌಲಭ್ಯವನ್ನು ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದ್ದ, ಈ ಕಾಯ್ದೆಯಡಿ ಕೇಂದ್ರ ರೂಪಿಸಿದ ನಿಯಮಗಳ 15(1) ಮೂಲ ಕಾಯ್ದೆಗೆ ಹೊಂದುವುದಿಲ್ಲ ಎಂದು ತೀರ್ಪಿತ್ತು, ಕಡ್ಡಾಯ ನಿಯಮಗಳನ್ನು ಬೇರೆಯಾಗಿ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಆದ್ದರಿಂದ ‘ಅದು ಸಲಹೆಯಷ್ಟೇ’ ಎಂದು ಯಾವ ಕಟ್ಟಡದ ಮಾಲೀಕರೂ ಇನ್ನು ಹೇಳಿ ಪಾರಾಗುವಂತಿಲ್ಲ.

ದೂರು ಕೊಡುವವರು ಅಳತೆ ಸಮೇತ ಕೊಡಿ. ‘ಸರಿಯಿಲ್ಲ’ ಎಂದು ಬರೆದ ಅರ್ಜಿಗೆ ‘ಸರಿಯಿದೆ’ ಎಂಬ ಉತ್ತರ ಬಂದು ಮುಗಿದುಹೋಗುತ್ತದೆ. ಟೇಪು ಹಿಡಿದು ಗೆರೆಯಿಂದ ಗೆರೆಗೆ ಅಗಲ ಎಷ್ಟು, ಅದರಲ್ಲಿ ಪಟ್ಟಿ ಎಷ್ಟು, ಬಾಗಿಲಿಗೆ ದೂರ ಎಷ್ಟು, ಕಟ್ಟೆಯ ಎತ್ತರ ಎಷ್ಟು ಎಂಬುದನ್ನು ಬರೆದುಕೊಳ್ಳಿ. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲಿಟ್ಟು, ಮಟ್ಟಗೋಲು ನೋಡಿ ಸಮ ಮಾಡಿದಾಗ ತಗ್ಗಿನ ತುದಿ ನೆಲದಿಂದ 2 ಸೆಂಟಿಮೀಟರಿಗಿಂತ ಮೇಲೆದ್ದರೆ ಇಳಿಜಾರು ಮಿತಿ ಮೀರಿದೆ ಎಂದರ್ಥ. ಟೇಪು ಕಾಣುವಂತೆ ಫೋಟೊ ತೆಗೆದು, ಮೊದಲು ಕಟ್ಟಡದ ಆಡಳಿತಕ್ಕೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಅದೇ ಕಾಗದಗಳನ್ನು ರಾಜ್ಯದ ವಿಕಲಚೇತನರ ಆಯುಕ್ತರಿಗೆ ಕಳಿಸಿ. ಇಂಥ ದೂರುಗಳನ್ನು ವಿಚಾರಿಸುವ ಅಧಿಕಾರ ಕಾಯ್ದೆಯಲ್ಲೇ ಅವರಿಗಿದೆ.

ಇಂತಿ,
ಕಟ್ಟಡಗಳ ಪ್ರವೇಶಸೌಲಭ್ಯ ಪರಿಶೀಲನೆಯಲ್ಲಿ ತೊಡಗಿರುವ ಓದುಗರು